ಭಾರತವೂ ಹೇಗ್ ನಗರದ ನ್ಯಾಯಪೀಠವೂ

ದೇಶದೇಶಗಳ ನಡುವಣ ವ್ಯಾಜ್ಯಗಳಿಗೂ ಒಂದು ಕಟ್ಟುಕಟ್ಟಳೆಯುಂಟು. ಅದುವೇ ಅಂತರರಾಷ್ಟ್ರೀಯ ಕಾನೂನು. ಅದರೊಡನೆ ನಮ್ಮ ದೇಶದ ಸಂಬಂಧವು ಆರಂಭವಾದ ಬಗೆ ವಿಚಿತ್ರವಾದುದು. 1919ರ ವರ್ಸೈ ಒಪ್ಪಂದಕ್ಕೆ ಭಾರತದ ಪರವಾಗಿಯೂ ರುಜು ಬಿದ್ದಿತು. ರಾಷ್ಟ್ರಸಂಘದಲ್ಲಿ ಭಾರತಕ್ಕೊಂದು ಸ್ಥಾನವೂ ದೊರೆಯಿತು. ಆದರೆ ಹೆಸರು ನಮ್ಮದು, ಇಚ್ಛೆ ಲಂಡನ್ನಿನದು.

ಸ್ವಂತ ದನಿ ಕೇಳಿಬಂದುದು 1946ರಲ್ಲಿ. ದಕ್ಷಿಣ ಆಫ್ರಿಕದ ಭಾರತೀಯರ ಭೂಮಿ-ವಸತಿಗಳ ಹಕ್ಕನ್ನು ಅಲ್ಲಿಯ ಸರಕಾರವು ಮೊಟಕುಗೊಳಿಸಿದಾಗ ಭಾರತವು ವಿಶ್ವಸಂಸ್ಥೆಗೆ ದೂರಿತ್ತಿತು. ಇದು ತನ್ನ ಮನೆವಾರ್ತೆಯೆಂದು ಆ ಸರಕಾರವು ವಾದಿಸಿತು. ಶ್ರೀಮತಿ ವಿಜಯಲಕ್ಷ್ಮೀ ಪಂಡಿತರು ಅದನ್ನು ಖಂಡಿಸಿದರು. ಮಹಾಸಭೆಯು ಮೂರನೆಯ ಎರಡರಷ್ಟು ಬಹುಮತದಿಂದ ಭಾರತದ ಪಕ್ಷವನ್ನು ಎತ್ತಿಹಿಡಿಯಿತು. ಮುಂದೆ 1952ರಲ್ಲಿ ನಮ್ಮ ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಪೀಠವನ್ನೇರಿದರು. ಮರುವರ್ಷವೇ ಅವರು ತೀರಿಕೊಂಡುದು ದೇಶದ ದೌರ್ಭಾಗ್ಯ.

ಅದೇ ಪೀಠದೆದುರು ಭಾರತವು ಪ್ರತಿವಾದಿಯಾಗಿ ನಿಲ್ಲುವ ಪ್ರಸಂಗವೂ ಬಂದಿತು. 1954ರಲ್ಲಿ ಸ್ವಯಂಸೇವಕರು ದಾದ್ರಾ, ನಗರ ಹವೇಲಿಗಳನ್ನು ಪೋರ್ಚುಗೀಸರಿಂದ ಬಿಡಿಸಿದರು. ದಮಣದಿಂದ ಅಲ್ಲಿಗೆ ಹೋಗುವ ದಾರಿಯನ್ನು ಭಾರತವು ತಡೆಯಿತು. ಪೋರ್ಚುಗಲ್ 1955ರ ಡಿಸೆಂಬರ್ 19ರಂದು ನ್ಯಾಯಪೀಠದ ಅಧಿಕಾರವನ್ನು ಒಪ್ಪಿಕೊಂಡು, ಮೂರೇ ದಿನಗಳಲ್ಲಿ ಫಿರ್ಯಾದು ಹೂಡಿತು! ಆಂಗ್ಲರ ಕಾಲದ 1940ರ ಒಪ್ಪಿಗೆಪತ್ರವೊಂದು ಭಾರತವನ್ನು ಕಟ್ಟಿಹಾಕಿತ್ತು.

1960ರ ಏಪ್ರಿಲ್ 12ರಂದು ತೀರ್ಪು ಹೊರಬಿದ್ದಿತು. ನಾಗರಿಕರಿಗೂ ಸರಕುಗಳಿಗೂ ದಾರಿಯ ಹಕ್ಕಿತ್ತು. ಸೈನ್ಯಕ್ಕೂ ಶಸ್ತ್ರಾಸ್ತ್ರಗಳಿಗೂ ಇರಲಿಲ್ಲ. ದಾರಿಯನ್ನು ನಿಯಂತ್ರಿಸುವ ಅಧಿಕಾರವುಳ್ಳ ಭಾರತವು ತಪ್ಪೆಸಗಲಿಲ್ಲ ಎಂಬುದು ಅದರ ಸಾರ.

ಷರತ್ತುಗಳನ್ನು ಓದದೆ ಕರಾರಿಗೆ ರುಜು ಹಾಕಬಾರದೆಂಬುದನ್ನು ಹೋಟೆಲಿಗಾಗಿ ಜಾಗ ಹಿಡಿದವರೆಲ್ಲ ಬಲ್ಲರು. ಭಾರತವೂ ಈ ಪಾಠವನ್ನು ಕಲಿತು, 1956ರ ಜನವರಿಯಲ್ಲಿಯೇ ತನ್ನ ಒಪ್ಪಿಗೆಯನ್ನು ತಿದ್ದಿತು. 1974ರ ಘೋಷಣೆಯಲ್ಲಿ ಕಾಮನ್‌ವೆಲ್ತ್ ದೇಶಗಳೊಡನಣ ವ್ಯಾಜ್ಯಗಳನ್ನು ಹೊರಗಿಟ್ಟಿತು. 1999ರಲ್ಲಿ ಕಚ್ಛದ ಬಳಿ ಉರುಳಿದ ವಿಮಾನಕ್ಕಾಗಿ ಪಾಕಿಸ್ತಾನವು ದಾವೆ ಹೂಡಿದಾಗ ಈ ಷರತ್ತೇ ಅಡ್ಡಬಂದಿತು; ವಿಚಾರಣೆಯ ಅಧಿಕಾರ ತನಗಿಲ್ಲವೆಂದು ಪೀಠವು 2000ದಲ್ಲಿ ಹೇಳಿತು.

ಆದರೆ 2017ರಲ್ಲಿ ಅದೇ ಬಾಗಿಲನ್ನು ತಟ್ಟಿದವರು ನಾವು. ಪಾಕಿಸ್ತಾನದ ಸೈನಿಕ ನ್ಯಾಯಾಲಯವು ಕುಲಭೂಷಣ ಜಾಧವರಿಗೆ ಮರಣದಂಡನೆ ವಿಧಿಸಿತ್ತು. ಪರದೇಶದಲ್ಲಿ ಬಂಧಿತನಾದವನಿಗೆ ತನ್ನ ದೇಶದ ಅಧಿಕಾರಿಗಳನ್ನು ಕಾಣುವ ಹಕ್ಕುಂಟೆಂದು 1963ರ ವಿಯೆನ್ನಾ ಒಡಂಬಡಿಕೆ ಸಾರುತ್ತದೆ. ಅದರ ಆಧಾರದಿಂದಲೇ ಭಾರತವು ವಾದಿಸಿತು. 2019ರ ಜುಲೈ 17ರಂದು 15 ನ್ಯಾಯಾಧೀಶರು ಹಕ್ಕಿನ ಉಲ್ಲಂಘನೆಯಾಗಿದೆಯೆಂದರು, ಒಬ್ಬರು ಒಪ್ಪಲಿಲ್ಲ. ಬಿಡುಗಡೆ ದೊರೆಯಲಿಲ್ಲ, ಶಿಕ್ಷೆಯ ಮರುಪರಿಶೀಲನೆಗೆ ಆಜ್ಞೆಯಾಯಿತು.

ಒಮ್ಮೆ ಬಾಗಿಲು ಮುಚ್ಚುವುದು, ಒಮ್ಮೆ ತಟ್ಟುವುದು ಚಂಚಲತೆಯಲ್ಲವೆ ಎಂದು ವಾಚಕರು ಕೇಳಬಹುದು. ಇಂತಹ ಎಚ್ಚರವನ್ನು ಇತರ ರಾಷ್ಟ್ರಗಳೂ ವಹಿಸುತ್ತವೆ. ಆದರೂ ಊರುಬಿಟ್ಟು ದುಡಿಯುವ ನಮ್ಮಂಥವರು ಒಂದನ್ನು ಮರೆಯಲಾಗದು: ಪರಸ್ಥಳದಲ್ಲಿ ಒಂಟಿಯಾದವನ ಪಾಲಿಗೆ, ದೇಶವು ಮೊದಲೇ ರುಜು ಹಾಕಿಟ್ಟ ಕಾಗದವೇ ನೆಂಟ.