ಫೋನ್ ಹೊಸದು, ಖಾತೆ ಊರಿನದು

ಪ್ರಶ್ನೆ: ಜರ್ಮನಿಗೆ ಬಂದು ಇಲ್ಲೇ ಹೊಸ ಆಂಡ್ರಾಯ್ಡ್ ಫೋನ್ ಕೊಂಡೆ. ಇಲ್ಲಿನ ಬ್ಯಾಂಕಿನ ಆ್ಯಪ್ ಹುಡುಕಿದರೆ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎನ್ನುತ್ತದೆ. ಯಾಕೆ?

ಉತ್ತರ: ತಪ್ಪು ಫೋನಿನದಲ್ಲ, ಸಿಮ್ಮಿನದೂ ಅಲ್ಲ. ಪ್ಲೇ ಸ್ಟೋರ್ ಮುಖ್ಯವಾಗಿ ನೋಡುವುದು ನಿಮ್ಮ ಗೂಗಲ್ ಖಾತೆ ಯಾವ ದೇಶದ್ದು ಎಂದು. ಊರಲ್ಲಿ ತೆರೆದ ಖಾತೆಯಲ್ಲವೇ? ಅದರ ಲೆಕ್ಕದಲ್ಲಿ ನೀವಿನ್ನೂ ವಿಮಾನ ಹತ್ತಿಲ್ಲ! ಸೆಟ್ಟಿಂಗ್ಸ್‌ನಲ್ಲಿ ದೇಶ ಬದಲಿಸಬಹುದು. ಆದರೆ ಜರ್ಮನಿಯ ಕಾರ್ಡ್ ಬೇಕು, ಬದಲಾವಣೆ ವರ್ಷಕ್ಕೆ ಒಂದೇ ಸಲ. ಪ್ಲೇ ಬ್ಯಾಲೆನ್ಸ್‌ನಲ್ಲಿ ಉಳಿದ ರೂಪಾಯಿ ಹೊಸ ದೇಶದಲ್ಲಿ ನಡೆಯದು. ಮೂರು ತಿಂಗಳಲ್ಲಿ ವಾಪಸ್ ಬರುವವರಿಗೆ ಇದು ಫಜೀತಿ.

ನಾನಾದರೆ ಹಳೆಯ ಖಾತೆ ಮುಟ್ಟುವುದಿಲ್ಲ. ಜರ್ಮನಿಯಿಂದಲೇ ಇನ್ನೊಂದು ಗೂಗಲ್ ಖಾತೆ ತೆರೆದು ಅದೇ ಫೋನಿಗೆ ಸೇರಿಸಿ. ಪ್ಲೇ ಸ್ಟೋರ್‌ನ ಮೇಲ್ತುದಿಯಲ್ಲಿ ನಿಮ್ಮ ಪುಟ್ಟ ಗುಂಡು ಚಿತ್ರವಿರುತ್ತದೆ. ಅದನ್ನು ಒತ್ತಿ ಹೊಸ ಖಾತೆಗೆ ಹೋಗಿ ಆ್ಯಪ್ ಇಳಿಸಿಕೊಳ್ಳಿ. ಮತ್ತೆ ಹಳೆಯ ಖಾತೆಗೆ ಮರಳಿದರೂ ಆ್ಯಪ್ ಅಲ್ಲೇ ಇರುತ್ತದೆ. ಐಫೋನಿನವರು ದೇಶ ಬದಲಿಸಬೇಕಾದರೆ ಮೊದಲು ಚಂದಾಗಳನ್ನು ರದ್ದು ಮಾಡಿ, ಬ್ಯಾಲೆನ್ಸ್ ಖಾಲಿ ಮಾಡಬೇಕು.

ಪ್ಲೇ ಸ್ಟೋರ್ ಬಿಟ್ಟು ಎಲ್ಲೋ ಸಿಕ್ಕ ಎಪಿಕೆ (ಆ್ಯಪ್‌ನ) ಫೈಲ್ ಹಾಕಿಕೊಳ್ಳುವ ಸಲಹೆಯೂ ಬರುತ್ತದೆ. ಬ್ಯಾಂಕಿನ ಆ್ಯಪ್ ವಿಷಯದಲ್ಲಂತೂ ಬೇಡವೇ ಬೇಡ. ಅಂದಹಾಗೆ, ಊರಿನ ಸಿಮ್ ರೀಚಾರ್ಜ್ ತಪ್ಪಿಸಬೇಡಿ. ಊರಿನ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.