ವಿಡಿಯೋ ನೋಡಿ ಮುಂಗಡ ಕೊಡಬೇಡಿ, ಕೊಟ್ಟಿಗೆಗೇ ಹೋಗಿ ಬನ್ನಿ



ಈಚೆಗೆ ಒಬ್ಬ ಸದಸ್ಯೆ ಕರೆ ಮಾಡಿ, "ಡಾಕ್ಟ್ರೇ, ಹೊಸ ಹಸು ಒಂದು ಮೊಲೆಯಲ್ಲಿ ಹಾಲೇ ಬಿಡ್ತಿಲ್ಲ" ಎಂದರು. ಹೋಗಿ ನೋಡಿದರೆ ಹಳೆಯ ಕೆಚ್ಚಲು ಬಾವಿನಿಂದ ಆ ಭಾಗ ಗಟ್ಟಿಯಾಗಿ ಬತ್ತಿಹೋಗಿತ್ತು. ಮೊಬೈಲ್ ವಿಡಿಯೋ ನೋಡಿ, ದಲ್ಲಾಳಿಗೆ ಹಣ ಕಳಿಸಿ, ಸಾಲದಲ್ಲಿ ಕೊಂಡ ಹಸು ಅದು. ಹಾಲು ಕಡಿಮೆಯಾದರೂ ಸಾಲದ ಕಂತು ಕಡಿಮೆಯಾಗುವುದಿಲ್ಲ.

ಹಸು ಕೊಳ್ಳುವ ಮೊದಲು ಎರಡು ಮೂರು ಮಾರಾಟಗಾರರ ಮನೆಗೆ ನೀವೇ ಹೋಗಿ. ಮನೆಯಲ್ಲಿ ಹಾಲು ಕರೆಯುವವರು ನೀವಾದರೆ, ಗಂಡಸರನ್ನಷ್ಟೇ ಕಳಿಸಬೇಡಿ.

ಸಂಜೆ ಕರೆಯುವ ಹೊತ್ತಿಗೆ ತಲುಪಿ. ಆದರೆ ಮೊದಲ ಕರಾವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿರಬಹುದು. ಸಂಜೆ 10 ಲೀಟರ್ ಕಂಡು ದಿನಕ್ಕೆ 20 ಎಂದು ನಂಬಿದರೆ ಮನೆಯಲ್ಲಿ 14 ಸಿಕ್ಕೀತು. ಮರುದಿನ ಬೆಳಿಗ್ಗೆ ಮತ್ತು ಸಂಜೆಯ ಕರಾವು ಕೂಡಿಸಿ. ಅದು ದಿನದ ನಿಜವಾದ ಹಾಲು.

ನಾಲ್ಕೂ ಮೊಲೆಗಳನ್ನು ನಿಮ್ಮ ಕೈಯಿಂದಲೇ ಕರೆದು ನೋಡಿ. ಮೊದಲ ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿದರೆ ಗಡ್ಡೆ, ಎಳೆ ಇದ್ದರೆ ಕಾಣುತ್ತದೆ. ಕರೆದ ಮೇಲೆ ಕೆಚ್ಚಲು ಮೆತ್ತಗೆ ಇಳಿಯಬೇಕು, ಗಂಟು ಇರಬಾರದು.

ಆ ಮನೆಯಲ್ಲಿ ಹಾಲು ಕರೆಯುವ ಹೆಂಗಸನ್ನು ಮಾತನಾಡಿಸಿ. ಯಾವಾಗ ಕರು ಹಾಕಿತು, ಎಷ್ಟನೇ ಕರು, ಒದೆಯುತ್ತದೆಯೇ, ಹಿಂದೆ ಗರ್ಭಪಾತ ಆಗಿತ್ತೇ ಎಂದು ಕೇಳಿ. ಕರು ಹಾಕಿ ಒಂದೆರಡು ತಿಂಗಳೊಳಗೆ ಹಾಲು ಅತಿ ಹೆಚ್ಚು ಇರುತ್ತದೆ, ಆಮೇಲೆ ಇಳಿಯುತ್ತದೆ. ಅವರು ಡೇರಿಗೆ ಹಾಲು ಹಾಕುವವರಾದರೆ ಪಾಸ್ ಪುಸ್ತಕ ತೋರಿಸಲು ಹೇಳಿ. ಕೊಟ್ಟಿಗೆಯ ಉಳಿದ ದನಗಳೂ ಆರೋಗ್ಯವಾಗಿವೆಯೇ ಗಮನಿಸಿ.

ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆದುಕೊಳ್ಳಿ. ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಹಾಕಿಸಿದ್ದಾರೆ ಎಂದು ವಿಚಾರಿಸಿ.

ಮನಸ್ಸಿಗೆ ಒಪ್ಪಿದರೂ ಪೂರ್ತಿ ಹಣ ಕೊಡುವ ಮೊದಲು ಪಶುವೈದ್ಯರಿಂದ ಗರ್ಭ ಪರೀಕ್ಷೆ, ಹಾಲಿನ ಪರೀಕ್ಷೆ ಮತ್ತು ಬ್ರುಸೆಲ್ಲಾ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಈ ರೋಗ ಹಸುವಿನ ಗರ್ಭ ಕಳೆಯುತ್ತದೆ. ಮಾಸ ಎತ್ತುವಾಗ, ಹಸಿ ಹಾಲು ಕುಡಿದಾಗ ಮನುಷ್ಯರಿಗೂ ಅಂಟುತ್ತದೆ. ಆ ಕೆಲಸ ಹೆಚ್ಚಾಗಿ ಮಾಡುವವರು ನೀವೇ ಅಲ್ಲವೇ?

ಪರೀಕ್ಷೆಗೆ ಒಪ್ಪದೆ, "ಇನ್ನೊಬ್ಬರು ಬರ್ತಿದ್ದಾರೆ, ಈಗಲೇ ಕೊಡಿ" ಎಂದು ಅವಸರ ಮಾಡುವವರ ಹಸು ಎಷ್ಟೇ ಚೆಂದವಿದ್ದರೂ ಬಿಟ್ಟು ಬನ್ನಿ.

ಮನೆಗೆ ತಂದ ಹಸುವನ್ನು ಕನಿಷ್ಠ 3 ವಾರ ಬೇರೆ ಕಟ್ಟಿ, ಕೊನೆಗೆ ಕರೆಯಿರಿ. ವಿಮೆಯನ್ನೂ ತಡಮಾಡದೆ ಮಾಡಿಸಿ.

ಹೋಗಿ ಬರುವ ಬಸ್ ಖರ್ಚು, ಒಂದು ದಿನದ ಕೆಲಸ ಹೋಗುವುದು ನಿಜ. ಹಸು ಮಾತ್ರ ವರ್ಷಗಟ್ಟಲೆ ನಿಮ್ಮ ಕೊಟ್ಟಿಗೆಯಲ್ಲಿರುತ್ತದೆ. ಹೊರಡುವ ಮೊದಲು ನಿಮ್ಮ ಸಂಘದ ಕಾರ್ಯದರ್ಶಿಯ ಮೂಲಕ ನಮಗೊಂದು ಮಾತು ತಿಳಿಸಿ.