ಮೆಗಲೊಡಾನ್ ಊಟದಲ್ಲಿ ಹದಿಮೂರು ಚೀಲ ಯೂರಿಯಾ

ವಿಜಯಪುರ ಜಿಲ್ಲೆಯ ಬಬಲೇಶ್ವರದಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೂ ಅರಬ್ಬಿ ಸಮುದ್ರ ಸಿಗುವುದು 200 ಕಿಲೊಮೀಟರ್ ದಾಟಿದ ಮೇಲೆಯೇ. ಊರಿರುವುದು ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಎತ್ತರದಲ್ಲಿ. ಹತ್ತಿರದ ಮೀನೆಂದರೆ ಕೃಷ್ಣೆಯ ಹಿನ್ನೀರಿನದು. ಅಂಥ ಊರಿನಲ್ಲಿ ಕುಳಿತು, ಎಂದೋ ಅಳಿದುಹೋದ ಕಡಲಜೀವಿಗಳ ರುಚಿ ಹೇಗಿದ್ದಿರಬಹುದು ಎಂದು ಲೆಕ್ಕ ಹಾಕುವುದಕ್ಕಿಂತ ಸೊಗಸಾದ ಕೆಲಸ ನನಗೆ ತಿಳಿದಿಲ್ಲ. ಮಾಂಸ ಮುಟ್ಟದವರೂ ನಿಶ್ಚಿಂತೆಯಿಂದ ಪಂಕ್ತಿಯಲ್ಲಿ ಕೂರಬಹುದು; ಬಡಿಸುವುದು ಬರೀ ಅಂಕಿಗಳನ್ನು. ದಾರಿ ಇರುವುದೂ ಒಂದೇ: ಅಳಿದವುಗಳ ರುಚಿಯನ್ನು ಉಳಿದ ಬಂಧುಗಳ ರುಚಿಯಿಂದ ಊಹಿಸಬೇಕು.

ಚಿಕ್ಕದರಿಂದ ಶುರುಮಾಡೋಣ. ಟ್ರೈಲೊಬೈಟ್ ಎಂಬ ಚಿಪ್ಪಿನ ಜೀವಿ ಏಡಿ, ಸಿಗಡಿಗಳ ದೂರದ ದಾಯಾದಿ. ಅದು ಸಮುದ್ರದಲ್ಲಿ ಬಾಳಿದ್ದು ಸುಮಾರು 27 ಕೋಟಿ ವರ್ಷ. ನಾವು ಮನುಷ್ಯರು ಭೂಮಿಗೆ ಬಂದು 3 ಲಕ್ಷ ವರ್ಷವಾಯಿತು. ನಮ್ಮ ಇಡೀ ಬಾಳುವೆಯನ್ನು ಒಂದರ ಹಿಂದೊಂದರಂತೆ 900 ಸಲ ಜೋಡಿಸಿದರೆ ಟ್ರೈಲೊಬೈಟಿನ ಬಾಳುವೆ ಒಂದಾಗುತ್ತದೆ! ಈವರೆಗೆ ಗುರುತಿಸಿದ ಜಾತಿಗಳೇ 20,000ಕ್ಕೂ ಹೆಚ್ಚು. ದಿನಕ್ಕೊಂದು ಜಾತಿಯನ್ನು ರುಚಿ ನೋಡುತ್ತ ಹೋದರೆ ಇಪ್ಪತ್ತರ ಯುವಕ ಪಟ್ಟಿ ಮುಗಿಸುವ ಹೊತ್ತಿಗೆ 75 ವರ್ಷದ ಮುದುಕನಾಗಿರುತ್ತಾನೆ. ಹೆಚ್ಚಿನವು ಅಂಗೈಯಲ್ಲಿ ಹಿಡಿಸುವಂಥವು, ಕೆನಡಾದಲ್ಲಿ ಸಿಕ್ಕ ಭಾರೀ ಜಾತಿಯೊಂದು ಮಾತ್ರ 72 ಸೆಂಟಿಮೀಟರ್ ಉದ್ದ. ರುಚಿ ಸಿಗಡಿಯದೇ ಇದ್ದೀತು. ಆದರೆ ಕಾಲುಗಳು ತೀರಾ ಸಪೂರ. ಚಿಪ್ಪು ಬಿಡಿಸುವ ಶ್ರಮಕ್ಕೆ ತಕ್ಕ ತಿರುಳು ಸಿಗುತ್ತಿರಲಿಲ್ಲ ಎಂದೇ ನನ್ನ ಅಂದಾಜು.

ತಿರುಳು ಬೇಕಿದ್ದರೆ ಕಡಲಚೇಳಿನತ್ತ ನೋಡಬೇಕು. ಜರ್ಮನಿಯ ಕಲ್ಲುಗಣಿಯೊಂದರಲ್ಲಿ ಸಿಕ್ಕ ಅದರ ಇಕ್ಕಳದ ವಿವರ 2007ರಲ್ಲಿ ಪ್ರಕಟವಾಯಿತು. ಇಕ್ಕಳವೊಂದೇ 46 ಸೆಂಟಿಮೀಟರ್! ಅದರಿಂದ ಲೆಕ್ಕ ಹಾಕಿದ ಮೈಯುದ್ದ 2.5 ಮೀಟರ್, ವಯಸ್ಸು 39 ಕೋಟಿ ವರ್ಷ. ಆರಡಿಯ ಮಂಚದ ಮೇಲೆ ಮಲಗಿಸಿದರೆ ಬಾಲ ಎರಡಡಿ ಹೊರಗೆ.

ಇಷ್ಟು ಹಳೆಯ ಕಡಲಜೀವಿಗಳು ಎಲ್ಲೋ ವಿದೇಶದ ಮ್ಯೂಸಿಯಮ್ಮಿನಲ್ಲಿವೆ ಎಂದುಕೊಂಡರೆ ವಿಜಯಪುರದ ಕಡೆಯ ಮನೆಗಳ ದೇವರ ಪೆಟ್ಟಿಗೆ ನೆನಪಿಗೆ ಬರಬೇಕು. ಚಕ್ರದ ಗುರುತುಳ್ಳ ಸಾಲಿಗ್ರಾಮಗಳು ಗಂಡಕಿ ನದಿಯಲ್ಲಿ ಸಿಗುವ ಅಮೊನೈಟ್ ಪಳೆಯುಳಿಕೆಗಳು, ಸುಮಾರು 15 ಕೋಟಿ ವರ್ಷ ಹಳೆಯವು. ಅವು ದೊರೆಯುವ ಮುಕ್ತಿನಾಥದ ಸೀಮೆ ಇಂದು 3,700 ಮೀಟರ್ ಎತ್ತರದಲ್ಲಿದೆ. ಆಗ ಅದು ಕಡಲತಳ. ಗೋಳಗುಮ್ಮಟ ಕಟ್ಟಿ ಮುಗಿದು ಸುಮಾರು 370 ವರ್ಷವಾಯಿತು. ಆ ಅವಧಿಯನ್ನು 4 ಲಕ್ಷ ಸಲ ಎಣಿಸಿದರೆ ಸಾಲಿಗ್ರಾಮದ ವಯಸ್ಸು ಬರುತ್ತದೆ. ಅದಕ್ಕೆ ದಿನವೂ ಅಭಿಷೇಕ, ದಿನವೂ ನೈವೇದ್ಯ. ಆ ಅಭಿಷೇಕದ ನೀರನ್ನು ತೀರ್ಥವೆಂದು ಭಕ್ತಿಯಿಂದ ಸ್ವೀಕರಿಸುವವರಷ್ಟು ಈ ಪುರಾತನ ಜೀವಿಗೆ ಹತ್ತಿರ ಹೋದವರು ಪ್ರಪಂಚದಲ್ಲಿ ಇನ್ನಾರಿದ್ದಾರೆ?

ಇದೇ ಕುಲದ ದೈತ್ಯವೊಂದು 1895ರಲ್ಲಿ ಜರ್ಮನಿಯ ಸೆಪ್ಪೆನ್‌ರಾಡೆ ಎಂಬಲ್ಲಿ ಸಿಕ್ಕಿತು. ಸುರುಳಿಯ ಅಡ್ಡಳತೆ 1.74 ಮೀಟರ್, ಕಲ್ಲಾದ ಮೇಲಿನ ತೂಕ ಸುಮಾರು 3.5 ಟನ್. ಎತ್ತಿ ನಿಲ್ಲಿಸಿದರೆ ನೆಟ್ಟಗೆ ನಿಂತ ಆಳಿನೆತ್ತರದ ಚಕ್ರ, ಅದೂ ಅಂಚು ಮುರಿದುಹೋದದ್ದು! ಅಮೊನೈಟ್‌ಗಳ ಬಂಧುಗಳೆಂದರೆ ಕರಾವಳಿಯವರು ಬೊಂಡಾಸ ಎನ್ನುವ ಸ್ಕ್ವಿಡ್ ಮತ್ತು ಆಕ್ಟೋಪಸ್. ಆಳಸಮುದ್ರದ ದೈತ್ಯ ಸ್ಕ್ವಿಡ್‌ನ ಮೈಯಲ್ಲಿ ನವಸಾಗರ ತುಂಬಿರುತ್ತದೆ, ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ಅದೇ ಲವಣ, ಬಾಯಿಗಿಟ್ಟರೆ ಕಹಿ. ಅಮೊನೈಟ್‌ಗೆ ತೇಲಲು ಚಿಪ್ಪಿನೊಳಗೆ ಗಾಳಿಯ ಕೋಣೆಗಳಿದ್ದವು, ನವಸಾಗರದ ಹಂಗಿರಲಿಲ್ಲ. ಆದ್ದರಿಂದ ಇಡೀ ಪಟ್ಟಿಯಲ್ಲಿ ಒಳ್ಳೆಯ ರುಚಿಗೆ ನನ್ನ ಮೊದಲ ಮತ ಅದಕ್ಕೇ.

ಊಹೆ ಸಾಕು, ಯಾರಾದರೂ ನಿಜವಾಗಿ ತಿಂದದ್ದುಂಟೇ? ಉಂಟು. ಸೀಲಕಾಂತ್ ಎಂಬ ಮೀನು 6.6 ಕೋಟಿ ವರ್ಷಗಳ ಹಿಂದೆಯೇ ಅಳಿಯಿತೆಂದು ಪುಸ್ತಕಗಳು ಬರೆದು ಮುಗಿಸಿದ್ದವು. 1938ರಲ್ಲಿ ದಕ್ಷಿಣ ಆಫ್ರಿಕಾದ ಮೀನುದೋಣಿಯೊಂದರ ರಾಶಿಯಲ್ಲಿ ಅದು ಸಿಕ್ಕಿತು, ಒಂದೂವರೆ ಮೀಟರ್ ಉದ್ದ, 57 ಕಿಲೊ ತೂಕ. ಗುರುತಿಸಿ ಎತ್ತಿಟ್ಟವರು ಮಾರ್ಜರಿ ಕೋರ್ಟ್ನಿ ಲ್ಯಾಟಿಮರ್. ಕೊಮೊರೊ ದ್ವೀಪದ ಮೀನುಗಾರರಿಗೆ ಈ ಮೀನು ಮೊದಲೇ ಪರಿಚಿತ, ಆದರೂ ಅವರು ಅದನ್ನು ಬಯಸಿ ಹಿಡಿಯುತ್ತಿರಲಿಲ್ಲ. ಜಿಡ್ಡು ಜಿಡ್ಡು ಮಾಂಸ, ತಿಂದರೆ ಹೊಟ್ಟೆ ಕೆಡಬಹುದು. ಸುಮಾರು 40 ಕೋಟಿ ವರ್ಷ ಉಳಿದುಬಂದ ವಂಶದ ರುಚಿ ಹೀಗೆ!

ಇದಕ್ಕೆ ತೀರಾ ಉಲ್ಟಾ ಸ್ಟೆಲ್ಲರನ ಕಡಲಹಸು. ಹಿಮಯುಗದಲ್ಲಿ ಜಪಾನಿನಿಂದ ಕ್ಯಾಲಿಫೋರ್ನಿಯಾವರೆಗೆ ಹರಡಿದ್ದ ಈ ಪ್ರಾಣಿಯ ತೂಕ 8 ಟನ್ನಿಗೂ ಹೆಚ್ಚು, ಅಂದರೆ ಎರಡು ಆನೆ. 1741ರಲ್ಲಿ ಬೇರಿಂಗ್ ದ್ವೀಪದಲ್ಲಿ ಹಡಗು ಒಡೆದು ಸಿಕ್ಕಿಬಿದ್ದ ಗೇಯಾರ್ಗ್ ಸ್ಟೆಲ್ಲರ್ ಇದನ್ನು ಕಂಡ, ತಿಂದ, ಬರೆದಿಟ್ಟ: ಕೊಬ್ಬಿಗೆ ಬಾದಾಮಿ ಎಣ್ಣೆಯ ಸವಿ, ಮಾಂಸ ದನದ ಮಾಂಸದಂತೆ, ಬೇಸಿಗೆಯಲ್ಲೂ ಬೇಗ ಕೆಡದು. ರುಚಿಯ ಸುದ್ದಿ ಹಬ್ಬಿತು. ತುಪ್ಪಳಕ್ಕಾಗಿ ಆ ಕಡಲಿಗೆ ಹೋದ ಹಡಗುಗಳೆಲ್ಲ ಅಲ್ಲಿ ಊಟಕ್ಕೆ ನಿಂತವು. 1768ಕ್ಕೆ ಕೊನೆಯದೂ ಮುಗಿಯಿತು. ಸಾವಿರಾರು ವರ್ಷಗಳಿಂದ ಇದ್ದ ಜಾತಿಯೊಂದನ್ನು ಮನುಷ್ಯರು ಕಂಡ 27 ವರ್ಷಗಳಲ್ಲಿ ಪೂರ್ತಿ ತಿಂದುಹಾಕಿದರು. ಅಳಿದ ದೈತ್ಯ ಕಡಲಜೀವಿಗಳಲ್ಲಿ ರುಚಿಯ ಲಿಖಿತ ವಿವರ ಉಳಿದಿರುವುದು ಬಹುಶಃ ಇದೊಂದರದೇ. ಅದನ್ನು ಓದುವಾಗ ನನಗೆ ನಾಲಿಗೆ ಚಪ್ಪರಿಸಲು ಮನಸ್ಸಾಗುವುದಿಲ್ಲ.

ಇನ್ನು ದೊಡ್ಡವರ ಪಂಕ್ತಿ. ವಿಜಯಪುರದ ಮಲಿಕ್ ಎ ಮೈದಾನ್ ತೋಪಿನ ತೂಕ 55 ಟನ್. ಅದನ್ನು ಪರಾಂಡಾದಿಂದ ಎಳೆದು ತರಲು 10 ಆನೆ, 400 ಎತ್ತು, ನೂರಾರು ಆಳು ಬೇಕಾದವೆಂದು ಹೇಳುತ್ತಾರೆ. ಮೆಗಲೊಡಾನ್ ಶಾರ್ಕ್‌ನ ಮೇಲೆ 2022ರಲ್ಲಿ ಪ್ರಕಟವಾದ ಲೆಕ್ಕ 16 ಮೀಟರ್ ಉದ್ದ, 61.5 ಟನ್. ತೋಪನ್ನು ತಕ್ಕಡಿಯ ಒಂದು ಕಡೆ ಇಟ್ಟರೆ ಮೀನಿನ ಕಡೆಯೇ ಕೆಳಗೆ! 2025ರ ಲೆಕ್ಕ ಇನ್ನೂ ಮೇಲೆ ಹೋಯಿತು: 24 ಮೀಟರ್, 94 ಟನ್. ಹತ್ತಿರ ಹತ್ತಿರ ಒಂದೂಮುಕ್ಕಾಲು ತೋಪು.

2022ರ ಲೆಕ್ಕದ 16 ಮೀಟರಿನ ಮೀನಿನ ಹೊಟ್ಟೆಯ ಅಳತೆಯೇ ಸುಮಾರು 10,000 ಲೀಟರ್, ಅಂದರೆ ಬೇಸಿಗೆಯಲ್ಲಿ ಊರಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರ್ ಎರಡು. ದಿನಕ್ಕೆ ಬೇಕಾಗುತ್ತಿದ್ದ ಶಕ್ತಿ 98,000 ಕಿಲೊಕ್ಯಾಲರಿ. ಒಂದು ಜೋಳದ ರೊಟ್ಟಿಗೆ 100 ಕಿಲೊಕ್ಯಾಲರಿ ಹಿಡಿದರೆ 980 ರೊಟ್ಟಿ. ನಿಮಿಷಕ್ಕೊಂದರಂತೆ ಬಡಿಯುತ್ತ ಕುಳಿತರೂ ಒಲೆಯ ಮುಂದೆ 16 ಗಂಟೆ, ಅದೂ ಒಂದೇ ದಿನದ ಒಂದೇ ಮೀನಿಗೆ!

ಈಗ ಅದನ್ನೇ ತಟ್ಟೆಗೆ ಹಾಕೋಣ. 94 ಟನ್ನಿನಲ್ಲಿ ಮೂರರಲ್ಲೊಂದು ಪಾಲು ತಿನ್ನುವ ಮಾಂಸವೆಂದರೆ ಸುಮಾರು 30 ಟನ್. 100 ಗ್ರಾಮಿನ ತುಂಡು ಮಾಡಿದರೆ 3 ಲಕ್ಷ ತುಂಡು. 2011ರ ಜನಗಣತಿಯಲ್ಲಿ ವಿಜಯಪುರ ನಗರದ ಜನಸಂಖ್ಯೆ 3.25 ಲಕ್ಷ ದಾಟಿತ್ತು. ಒಂದೇ ಮೀನು, ಹೆಚ್ಚುಕಡಿಮೆ ಇಡೀ ನಗರಕ್ಕೆ ತಲೆಗೊಂದು ತುಂಡು. ರುಚಿ? ಇಂದಿನ ಶಾರ್ಕ್‌ಗಳ ಮಾಂಸದಲ್ಲಿ ನೂರಕ್ಕೆ 2ರಷ್ಟು ಯೂರಿಯಾ ಇರುತ್ತದೆ. ಮೆಗಲೊಡಾನ್‌ನಲ್ಲೂ ಹಾಗೇ ಇತ್ತೆಂದರೆ 30 ಟನ್ ಮಾಂಸದಲ್ಲಿ 600 ಕಿಲೊ ಯೂರಿಯಾ. ಗೊಬ್ಬರದಂಗಡಿಯ 45 ಕಿಲೊ ಚೀಲದ ಲೆಕ್ಕದಲ್ಲಿ 13 ಚೀಲ! ಹೊಲಕ್ಕೆ ಎರಚುವ ಯೂರಿಯಾಕ್ಕೂ ಶಾರ್ಕ್‌ನ ಯೂರಿಯಾಕ್ಕೂ ರಾಸಾಯನಿಕವಾಗಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮೀನು ಸತ್ತ ಸ್ವಲ್ಪ ಹೊತ್ತಿಗೇ ಅದು ಮೂಗಿಗೆ ಹೊಡೆಯುವ ಅಮೋನಿಯಾ ಆಗುತ್ತದೆ. ಐಸ್‌ಲ್ಯಾಂಡಿನವರು ತಮ್ಮ ಶಾರ್ಕ್ ಮಾಂಸವನ್ನು ವಾರಗಟ್ಟಲೆ ಹುಳಿಯಿಸಿ, ತಿಂಗಳುಗಟ್ಟಲೆ ಒಣಗಿಸಿ ತಿನ್ನುವುದಕ್ಕೆ ಯೂರಿಯಾವೂ ಒಂದು ಕಾರಣ. ನಗರವಿಡೀ ಮೂಗು ಮುಚ್ಚಿಕೊಂಡು ಉಣ್ಣಬೇಕಾದ ಊಟ.

ಮೆಗಲೊಡಾನ್ ಕೂಡ ಕೊನೆಯಲ್ಲ. ಇಂಗ್ಲೆಂಡಿನ ಸಾಮರ್ಸೆಟ್ ದಂಡೆಯಲ್ಲಿ 2020ರಲ್ಲಿ 11 ವರ್ಷದ ಬಾಲಕಿ ರೂಬಿ ರೆನಾಲ್ಡ್ಸ್ ತಂದೆಯ ಜೊತೆ ಹೋದಾಗ ದವಡೆಯೆಲುಬಿನ ತುಂಡುಗಳು ಸಿಕ್ಕವು. ಜೋಡಿಸಿದರೆ ಆ ಒಂದು ಎಲುಬೇ 2 ಮೀಟರಿಗೂ ಹೆಚ್ಚು! ಇಕ್ತಿಯೊಟೈಟನ್ ಎಂದು 2024ರಲ್ಲಿ ಹೆಸರಾದ ಈ ಕಡಲಸರೀಸೃಪ 20 ಕೋಟಿ ವರ್ಷಗಳ ಹಿಂದಿನದು, ಅಂದಾಜು ಉದ್ದ 25 ಮೀಟರ್. ಗೋಳಗುಮ್ಮಟದ ಒಳಗೋಡೆ 41 ಮೀಟರ್. ಈ ಸರೀಸೃಪದ ಬಾಲಕ್ಕೆ 16 ಮೀಟರಿನ ಮೆಗಲೊಡಾನ್‌ನ ಮೂಗು ತಾಗಿಸಿ ಮಲಗಿಸಿದರೆ ಗೋಡೆ ಈ ತುದಿಯಿಂದ ಆ ತುದಿಗೆ ಭರ್ತಿ, ಬೆರಳು ತೂರಿಸಲೂ ಜಾಗವಿಲ್ಲ. ಇದರ ಕಿರಿಯ ಬಂಧು 5.5 ಮೀಟರಿನ ಇಕ್ತಿಯೊಸಾರ್ ಗುಜರಾತಿನ ಕಚ್ಛದಲ್ಲಿ ಸಿಕ್ಕ ಸುದ್ದಿ 2017ರಲ್ಲಿ ಬಂತು. ಇವುಗಳ ಚರ್ಮದಡಿ ತಿಮಿಂಗಿಲಕ್ಕಿರುವಂಥ ಕೊಬ್ಬಿನ ಪದರವಿತ್ತೆಂದು ಜರ್ಮನಿಯ ಪಳೆಯುಳಿಕೆಯೊಂದು ತೋರಿಸಿಕೊಟ್ಟಿದೆ. ಸರೀಸೃಪವಾದರೂ ರುಚಿ ಮೊಸಳೆಗಿಂತ ತಿಮಿಂಗಿಲದ ಕಡೆಗೇ ವಾಲಿದ್ದೀತು: ಗಾಢ ಕೆಂಪು, ಜಿಡ್ಡು, ಕರುಳೊಳಗೆ ಬಹಳ ಹೊತ್ತು ಕೂರುವ ಊಟ.

ಇಷ್ಟೆಲ್ಲ ದೈತ್ಯರು ಹೋದದ್ದೆಲ್ಲಿಗೆ? ಕೊನೆಯ ಅಮೊನೈಟ್, ಮೊಸಸಾರ್ ಎಂಬ ಕಡಲಸರೀಸೃಪಗಳಲ್ಲಿ ಕೊನೆಯದು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ, ಮೆಕ್ಸಿಕೊದ ಮೇಲೆ 10 ಕಿಲೊಮೀಟರ್ ಅಗಲದ ಬಂಡೆ ಬಿದ್ದಾಗ. ಅದೇ ಕಾಲಕ್ಕೆ ಬಬಲೇಶ್ವರದ ನೆಲವೂ ಕುದಿಯುತ್ತಿತ್ತು. ದಖ್ಖನಿನ ಲಾವಾ ಉಕ್ಕಿ ಹರಿದದ್ದು ಆಗಲೇ. ಅದರ ಕಪ್ಪುಕಲ್ಲು ಇಂದಿಗೂ 5 ಲಕ್ಷ ಚದರ ಕಿಲೊಮೀಟರ್ ಉಳಿದಿದೆ, ಎರಡೂವರೆ ಕರ್ನಾಟಕ! ಉಕ್ಕಿದ ಒಟ್ಟು ಲಾವಾ 10 ಲಕ್ಷ ಘನ ಕಿಲೊಮೀಟರ್ ಎಂಬ ಅಂದಾಜನ್ನು ವಿಜಯಪುರ ಜಿಲ್ಲೆಯೊಂದರ ಮೇಲೆ ಸುರಿದರೆ 95 ಕಿಲೊಮೀಟರ್ ಎತ್ತರದ ರಾಶಿ. ಒಂದರ ತಲೆಯ ಮೇಲೊಂದು ಹತ್ತು ಎವರೆಸ್ಟ್ ನಿಂತರೂ ಸಾಲದು. ಆ ಕಲ್ಲು ಕರಗಿ ಎರೆಭೂಮಿಯಾಯಿತು, ಎರೆಹೊಲದಲ್ಲಿ ಬಿಳಿಜೋಳ ಬೆಳೆಯಿತು. ಅಮೊನೈಟ್‌ಗಳ ಕೊನೆಯೂಟದ ಹೊತ್ತಿನ ಕಲ್ಲೇ ಇಂದಿನ ರೊಟ್ಟಿಗೆ ಮೂಲವೆಂದು ಎಣಿಸಿದಾಗಲೆಲ್ಲ ನನ್ನ ಮೈ ಝುಮ್ಮೆನ್ನುತ್ತದೆ.

ಆ ಲಾವಾಕ್ಕಿಂತಲೂ ಹಳೆಯ ಕಡಲು ಹತ್ತಿರದಲ್ಲೇ ಇದೆ. ಕೃಷ್ಣೆ ದಾಟಿ ಬಾಗಲಕೋಟೆಯ ಕಡೆ ಹೋದರೆ ಕಲಾದಗಿ ಕಲ್ಲುಗಳು, ನೂರು ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ಕೆಸರು. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಫರಸಿಯೂ ಪ್ರಾಣಿಗಳೇ ಹುಟ್ಟದಿದ್ದ ಕಾಲದ ಕಡಲತಳ. ಆ ನೀರಿನಲ್ಲಿ ಮೀನಿಲ್ಲ, ಏಡಿಯಿಲ್ಲ, ಒಂದು ಹುಳುವೂ ಇಲ್ಲ. ಭೂಮಿಯ ಮೇಲೆ ಜೀವ ಹುಟ್ಟಿ ಸುಮಾರು 350 ಕೋಟಿ ವರ್ಷ, ಪ್ರಾಣಿಗಳು ಬಂದು ಸುಮಾರು 60 ಕೋಟಿ. ಅಷ್ಟನ್ನು 60 ವರ್ಷದ ಒಂದು ಬಾಳಿಗೆ ಇಳಿಸಿದರೆ ಮೊದಲ 49 ವರ್ಷ ದಿನವೂ ಲೋಳೆಯೇ ಊಟ. ಆ ಲೋಳೆ ಪದರ ಪದರವಾಗಿ ಕಲ್ಲಾದ ಸ್ಟ್ರೊಮ್ಯಾಟೊಲೈಟ್‌ಗಳು ಬಾಗಲಕೋಟೆಯ ಸೀಮೆಯಲ್ಲಿವೆ. ಅವನ್ನು ಕಟ್ಟಿದ ನೀಲಿಹಸಿರು ಪಾಚಿಯ ಕುಲ ಮಾತ್ರ ಇನ್ನೂ ಅಳಿದಿಲ್ಲ. ಸ್ಪಿರುಲಿನಾ ಅದೇ ಕುಲದ್ದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದನ್ನು ಬೆರೆಸಿ ಶೇಂಗಾ ಚಿಕ್ಕಿಯನ್ನೇ ರೂಪಿಸಿದೆ. ಬರೀ ಪುಡಿಯನ್ನು ನಾಲಿಗೆಗೆ ಹಾಕಿಕೊಂಡರೆ ಹಸಿ ಸೊಪ್ಪು, ಹಿಂದೆಯೇ ಕಡಲ ವಾಸನೆ. 100 ಗ್ರಾಮಿಗೆ 55 ಗ್ರಾಮಿಗೂ ಹೆಚ್ಚು ಪ್ರೋಟೀನ್, ತೊಗರಿಬೇಳೆಯ ಎರಡರಷ್ಟಕ್ಕಿಂತ ಜಾಸ್ತಿ!